ವೇದಿಕೆ ಹತ್ತದವರ ಕಾಲೇಜು

ಪ್ರವೇಶದ ದಿನ ಕೌಂಟರಿನಲ್ಲಿ ಕೊಟ್ಟ ರಸೀತಿಯನ್ನು ಪೂರ್ತಿ ಓದುವ ಡಿಗ್ರಿ ವಿದ್ಯಾರ್ಥಿಗಳು ಕಡಿಮೆ. ಬೋಧನಾ ಶುಲ್ಕದ ಕೆಳಗೆ ಸಣ್ಣ ಸಣ್ಣ ಮೊತ್ತದ ಸಾಲುಗಳಿರುತ್ತವೆ: ಕ್ರೀಡೆ, ವಾಚನಾಲಯ, ಮ್ಯಾಗಜಿನ್, ಸಾಂಸ್ಕೃತಿಕ ಚಟುವಟಿಕೆ, ಯೂತ್ ರೆಡ್ ಕ್ರಾಸ್, ಎನ್‌ಎಸ್‌ಎಸ್. ಬಾಬತ್ತಿನ ಹೆಸರು, ಮೊತ್ತ ಕಾಲೇಜಿನಿಂದ ಕಾಲೇಜಿಗೆ ಬೇರೆ ಇರಬಹುದು; ಇಂಥ ಸಾಲುಗಳೇ ಇಲ್ಲದ ರಸೀತಿ ಅಪರೂಪ. ಅಂದರೆ ವಾಲಿಬಾಲ್ ನೆಟ್ಟಿಗೆ, ವಾರ್ಷಿಕ ಸಂಚಿಕೆಗೆ, ನಾಟಕದ ಪರದೆಗೆ ಎಲ್ಲರೂ ದುಡ್ಡು ಕೊಟ್ಟಾಗಿದೆ. ಹಾಗಿದ್ದೂ ಮೂರು ವರ್ಷದ ನಂತರ ಟಿಸಿ ತೆಗೆದುಕೊಳ್ಳಲು ಬಂದವರು ‘ನಮ್ಮ ಕಾಲೇಜಲ್ಲಿ ಏನೂ ಇರಲಿಲ್ಲ ಬಿಡಿ’ ಅನ್ನುತ್ತಾರೆ.

ಇದಕ್ಕೆಲ್ಲ ಸೋಮಾರಿತನವೇ ಕಾರಣ ಎಂದು ಸ್ಟಾಫ್ ರೂಮಿನಲ್ಲಿ ತೀರ್ಪು ಕೊಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೀನಿಯರ್‌ಗಳಿಂದ, ಮನೆಯವರಿಂದ, ಎಷ್ಟೋ ಸಲ ಅಧ್ಯಾಪಕರ ಬಾಯಿಂದಲೇ ಬಂದ ಕೆಲವು ನಂಬಿಕೆಗಳು ಮೊದಲ ಸೆಮಿಸ್ಟರಿನಲ್ಲೇ ತಲೆಯಲ್ಲಿ ಕೂತುಬಿಡುತ್ತವೆ. ಅವುಗಳಲ್ಲಿ ಕೆಲವು ಪೂರಾ ಸುಳ್ಳು, ಕೆಲವು ಅರ್ಧ ನಿಜ. ಅರ್ಧ ನಿಜವಾದವೇ ಹೆಚ್ಚು ಹಾನಿ ಮಾಡುತ್ತವೆ. ನಮ್ಮ ರಾಜ್ಯದ ಸಾಮಾನ್ಯ ಡಿಗ್ರಿ ಕಾಲೇಜುಗಳನ್ನು ಕಣ್ಣ ಮುಂದಿಟ್ಟುಕೊಂಡು ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಅದೆಲ್ಲ ಹಾಡೋಕೆ, ಕುಣಿಯೋಕೆ, ಭಾಷಣ ಮಾಡೋಕೆ ಬರೋರಿಗೆ.

ಈ ನಂಬಿಕೆ ಹುಟ್ಟುವುದು ಕಾಲೇಜ್ ಡೇ ದಿನ. ಕುರ್ಚಿಯಲ್ಲಿ ಕೂತವರಿಗೆ ಕಾಣುವುದು ಲೈಟು ಬಿದ್ದಷ್ಟು ಜಾಗ. ಅಲ್ಲಿರುವವರು ಹತ್ತಿಪ್ಪತ್ತು ಮಂದಿ, ಅದೂ ಹೆಚ್ಚುಕಡಿಮೆ ಪ್ರತಿವರ್ಷ ಅವೇ ಮುಖಗಳು. ಆ ಎರಡು ಗಂಟೆ ಸರಾಗವಾಗಿ ನಡೆಯಲು ಬೇಕಾದ ಉಳಿದ ಜನ ಯಾರ ಕಣ್ಣಿಗೂ ಬೀಳುವುದಿಲ್ಲ. ಆಹ್ವಾನ ಪತ್ರಿಕೆಯ ಕರಡು ತಿದ್ದಬೇಕು. ಅತಿಥಿಯ ಇನಿಷಿಯಲ್ ತಪ್ಪಾಗಿ ಅಚ್ಚಾದರೆ ಆ ದಿನದ ದೊಡ್ಡ ಸುದ್ದಿ ಅದೇ. ಶಾಮಿಯಾನದವರು ತಂದಿಳಿಸಿದ ಕುರ್ಚಿ ಎಣಿಸಿಕೊಳ್ಳಬೇಕು, ವಾಪಸ್ ಕೊಡುವಾಗ ಮತ್ತೆ ಎಣಿಸಬೇಕು. ಹದಿನೈದು ನೃತ್ಯಗಳ ಹಾಡುಗಳನ್ನು ಒಂದೇ ಪೆನ್‌ಡ್ರೈವಿಗೆ ಕ್ರಮವಾಗಿ ಹಾಕಿಕೊಂಡು ಮೈಕ್‌ಸೆಟ್ಟಿನವರ ಪಕ್ಕದಲ್ಲಿ ಕೂರಬೇಕು. ಎರಡನೆಯ ತಂಡ ಕಡೇ ಗಳಿಗೆಯಲ್ಲಿ ಹಾಡು ಬದಲಾಯಿಸಿಕೊಂಡು ಓಡಿಬರುತ್ತದೆ, ಬಂದೇ ಬರುತ್ತದೆ.

ಇವರೆಲ್ಲರಲ್ಲಿ ನನಗೆ ಹೆಚ್ಚು ಗೌರವ ಲೆಕ್ಕ ಇಡುವವರ ಮೇಲೆ. ಆಫೀಸಿನಲ್ಲಿ ಮುಂಗಡ ಕೊಡುತ್ತಾರೆ, ಆದರೆ ಪ್ರತಿ ರೂಪಾಯಿಗೂ ವೋಚರ್ ಬೇಕು. ಮಾರ್ಕೆಟ್ಟಿನಲ್ಲಿ ಹೂವು ಮಾರುವವರ ಹತ್ತಿರ ಬಿಲ್ ಬುಕ್ ಇರುವುದಿಲ್ಲ. ಬಿಳಿ ಹಾಳೆಯಲ್ಲಿ ಬರೆದು, ಅವರ ಸಹಿ ಹಾಕಿಸಿ, ಮೇಷ್ಟರಿಂದ ದೃಢೀಕರಿಸಿಕೊಂಡು ತರಬೇಕು. 5000 ರೂಪಾಯಿ ಮೀರಿದ ನಗದು ರಸೀತಿಯಾದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ. ಊಟದವರು ಜಿಎಸ್‌ಟಿ ಬಿಲ್ ಕೊಡದೆ ಸತಾಯಿಸುತ್ತಾರೆ. ಕೊನೆಗೆ ಮುಂಗಡಕ್ಕೂ ಖರ್ಚಿಗೂ ತಾಳೆಯಾಗಿ, ಉಳಿದ ದುಡ್ಡು ಕಟ್ಟಿ, ಕ್ಲರ್ಕ್ ‘ಸರಿ ಇದೆ’ ಅಂದಾಗ ಒಬ್ಬ ಬಿಕಾಂ ವಿದ್ಯಾರ್ಥಿ ಕಲಿತಿರುವ ಅಕೌಂಟಿಂಗ್ ಒಂದು ಇಡೀ ಪೇಪರಿನದಕ್ಕಿಂತ ಕಡಿಮೆಯದಲ್ಲ. ಅವನು ವೇದಿಕೆ ಹತ್ತಿಲ್ಲ. ಹತ್ತಬೇಕಾಗಿಯೂ ಇಲ್ಲ.

ಇನ್ನು ಸ್ಪರ್ಧೆಗಳ ಮಾತು. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಪಟ್ಟಿಯಲ್ಲಿ ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಎಂಬ ಐದು ವಿಭಾಗಗಳಿವೆ. ಲಲಿತಕಲೆಯಡಿ ಚಿತ್ರಕಲೆ, ಕೊಲಾಜ್, ವ್ಯಂಗ್ಯಚಿತ್ರ, ಮಣ್ಣಿನ ಮಾದರಿ, ರಂಗೋಲಿ ಬರುತ್ತವೆ. ಪ್ರೇಕ್ಷಕರಿಲ್ಲದ ಕೋಣೆಯಲ್ಲಿ ಎರಡು ಎರಡೂವರೆ ಗಂಟೆ ತಲೆ ಬಗ್ಗಿಸಿ ಕೂತು ಮಾಡುವ ಕೆಲಸ ಅದು. ಮೂಕಾಭಿನಯಕ್ಕೆ ಆರು ಜನ, ಐದು ನಿಮಿಷ, ಒಂದೂ ಮಾತಿಲ್ಲ. ಮೈಕ್ ಕಂಡರೆ ನಾಲಿಗೆ ಒಣಗುವವರು ಮೊದಲು ಈ ಪಟ್ಟಿಯನ್ನೊಮ್ಮೆ ನೋಡಬೇಕು. ಮನೆಯ ಮುಂದೆ ದಿನಾ ರಂಗೋಲಿ ಹಾಕುವ ಹುಡುಗಿಗೆ ತನ್ನ ಕೈಯಲ್ಲಿರುವುದು ವಿಶ್ವವಿದ್ಯಾಲಯ ಮಟ್ಟದ ಸ್ಪರ್ಧೆಯ ವಿಷಯ ಎಂಬುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಹೇಳುವವರು ಹೇಳಿರುವುದಿಲ್ಲ.

ಕರಾವಳಿಯ ಕಾಲೇಜುಗಳಲ್ಲಿ ಯಕ್ಷಗಾನ ತಂಡ ಕಟ್ಟುವುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜು ಅಂತರ ಕಾಲೇಜು ಯಕ್ಷಗಾನ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಅಂಥ ದಿನ ರಂಗಸ್ಥಳದಲ್ಲಿ ಕಾಣುವ ವೇಷಗಳಿಗಿಂತ ವೇಷ ಕಟ್ಟುವ ಚೌಕಿಯಲ್ಲಿ ಓಡಾಡುವ ಕೈಗಳು ಹೆಚ್ಚು: ಬಣ್ಣ ಕಲಸುವವರು, ಗೆಜ್ಜೆ ಕಟ್ಟುವವರು, ಸೀರೆ ನೆರಿಗೆ ಹಿಡಿಯುವವರು, ಮುಂದಿನ ವೇಷ ಯಾವುದೆಂದು ಪ್ರಸಂಗದ ಹಾಳೆ ಹಿಡಿದು ಕೂಗುವವರು. ಎರಡು ವರ್ಷ ಚೌಕಿಯಲ್ಲಿ ಗೆಜ್ಜೆ ಕಟ್ಟಿದವರು ಮೂರನೆಯ ವರ್ಷ ತಾವೇ ಗೆಜ್ಜೆ ಕಟ್ಟಿಸಿಕೊಂಡದ್ದೂ ಉಂಟು, ಕಟ್ಟಿಸಿಕೊಳ್ಳದೆ ಚೌಕಿಯಲ್ಲೇ ಸುಖವಾಗಿ ಉಳಿದದ್ದೂ ಉಂಟು.

ತಪ್ಪು ಕಲ್ಪನೆ: ಇದಕ್ಕೆಲ್ಲ ಹೋದರೆ ಮಾರ್ಕ್ಸ್ ಹೋಗುತ್ತೆ.

ಅಪ್ಪ ಅಮ್ಮಂದಿರ ಭಯ ಇದು, ತೀರಾ ಆಧಾರವಿಲ್ಲದ್ದೇನೂ ಅಲ್ಲ. ಎನ್‌ಎಸ್‌ಎಸ್, ಕಬಡ್ಡಿ, ನಾಟಕ, ಫೆಸ್ಟ್, ಕ್ವಿಜ್ ಎಂದು ಐದಕ್ಕೂ ಹೆಸರು ಕೊಟ್ಟವರು ಇಂಟರ್ನಲ್ಸ್ ಹೊತ್ತಿಗೆ ನೋಟ್ಸ್‌ಗಾಗಿ ಅಲೆಯುವುದನ್ನು ಎಲ್ಲರೂ ನೋಡಿದ್ದೇವೆ. ಅವರನ್ನು ಕೆಡಿಸಿದ್ದು ಚಟುವಟಿಕೆಯಲ್ಲ, ಬೇಡ ಅನ್ನಲು ಬಾರದ ಗುಣ.

ಲೆಕ್ಕ ಹಾಕಿ ನೋಡಿ. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಬೇಕು. ವರ್ಷದಲ್ಲಿ ಮೂವತ್ತು ವಾರ ಕಾಲೇಜು ನಡೆಯುತ್ತದೆ ಎಂದಿಟ್ಟುಕೊಂಡರೂ ವಾರಕ್ಕೆ ನಾಲ್ಕು ಗಂಟೆ. ಏಳು ದಿನದ ವಿಶೇಷ ಶಿಬಿರ ಬೇರೆ. ವಾರಕ್ಕೆ ನಾಲ್ಕು ಗಂಟೆ ಫೋನಿನಲ್ಲಿ ಎಲ್ಲಿ ಹೋಗುತ್ತದೆ ಎಂದು ನಾನು ಕೇಳುವುದಿಲ್ಲ. ಆ ಮಾತು ಕೇಳಿ ಕೇಳಿ ನಿಮಗೆ ಸಾಕಾಗಿರುತ್ತದೆ.

ಹಾಜರಾತಿಯ ಪ್ರಶ್ನೆ ಬೇರೆ, ಅದರಲ್ಲಿ ಎಚ್ಚರ ಬೇಕು. ಕಾಲೇಜಿನ ಪರವಾಗಿ ಶಿಬಿರಕ್ಕೋ ಪಂದ್ಯಕ್ಕೋ ಹೋದ ದಿನಗಳಿಗೆ ಹಾಜರಾತಿ ಕೊಡುವ ಪದ್ಧತಿ ಸಾಮಾನ್ಯವಾಗಿ ಇದ್ದೇ ಇದೆ. ಆದರೆ ಅದು ತಾನಾಗಿ ನಡೆದುಕೊಂಡು ಬರುವುದಿಲ್ಲ. ಹೋಗುವ ಮೊದಲೇ ಹೆಸರಿನ ಪಟ್ಟಿಗೆ ಪ್ರಾಂಶುಪಾಲರ ಸಹಿ ಆಗಿರಬೇಕು, ಬಂದ ಮೇಲೆ ಪ್ರತಿ ವಿಷಯದ ಅಧ್ಯಾಪಕರಿಗೂ ಅದರ ಪ್ರತಿ ಮುಟ್ಟಿಸಬೇಕು. ಸೆಮಿಸ್ಟರ್ ಕೊನೆಯಲ್ಲಿ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ಮೇಲೆ ‘ಸರ್, ನಾನು ಕ್ಯಾಂಪಿಗೆ ಹೋಗಿದ್ದೆ’ ಎಂದು ನಿಂತರೆ ಯಾವ ಕ್ಯಾಂಪು, ಯಾವ ತಾರೀಖು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಎಂಜಿನಿಯರಿಂಗ್ ಓದುವವರಿಗೆ ಈ ವಾದವೇ ಅಪ್ರಸ್ತುತ. ವಿಟಿಯು ಅಡಿಯಲ್ಲಿ ನಾಲ್ಕು ವರ್ಷದ ಬಿಇ ಓದುವವರು ಎಐಸಿಟಿಇ ಸೂಚನೆಯಂತೆ 100 ಚಟುವಟಿಕೆ ಅಂಕ ಗಳಿಸಲೇಬೇಕು. ಅವು ಸಿಜಿಪಿಎಗೆ ಸೇರುವುದಿಲ್ಲ, ಆದರೆ ಅವಿಲ್ಲದೆ ಡಿಗ್ರಿಯೂ ಕೈಗೆ ಬರುವುದಿಲ್ಲ.

ತಪ್ಪು ಕಲ್ಪನೆ: ಎನ್‌ಎಸ್‌ಎಸ್ ಅಂದರೆ ಕಸ ಗುಡಿಸಿ ಫೋಟೊ ತೆಗೆಸಿಕೊಳ್ಳುವುದು.

ಹೊಸ ಪೊರಕೆ, ಗುಡಿಸಿಟ್ಟ ಅಂಗಳ, ಬ್ಯಾನರ್ ಹಿಡಿದ ಹನ್ನೆರಡು ಜನ, ಮರುದಿನದ ಪತ್ರಿಕೆಯಲ್ಲಿ ಚಿತ್ರ: ಇದನ್ನು ಯಾರೂ ಕಲ್ಪಿಸಿಕೊಂಡು ಹೇಳುತ್ತಿಲ್ಲ, ನಡೆಯುತ್ತದೆ. ಆದರೆ ಯೋಜನೆ ಹುಟ್ಟಿದ್ದು ಅದಕ್ಕಲ್ಲ. ಗಾಂಧಿ ಜನ್ಮಶತಾಬ್ದಿಯ 1969ರಲ್ಲಿ, ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಚಾಲನೆ ಕೊಟ್ಟವರು ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದ ಅರ್ಥಶಾಸ್ತ್ರಜ್ಞ ಅವರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ, ಅಂದರೆ ಇಂದಿನ ಐಸೆಕ್, ಕಟ್ಟಿದರು. ಓದಿದವರು ಓದದವರ ಬದುಕನ್ನು ಹತ್ತಿರದಿಂದ ನೋಡಬೇಕು ಎಂಬುದು ಯೋಜನೆಯ ಮೂಲ. 120 ಗಂಟೆಯ ಹಂಚಿಕೆಯಲ್ಲೇ ಅದು ಕಾಣುತ್ತದೆ: ತರಬೇತಿಗೆ 20, ಕ್ಯಾಂಪಸ್ಸಿನೊಳಗಿನ ಕೆಲಸಕ್ಕೆ 30, ಹೊರಗೆ ಜನರ ನಡುವೆ 70.

ಈ 70 ಗಂಟೆಯ ಮತ್ತು ಶಿಬಿರದ ರುಚಿ ಪೊರಕೆಯ ಫೋಟೊದಲ್ಲಿ ಸಿಗುವುದಿಲ್ಲ. ಶಿಬಿರವೆಂದರೆ ಯಾವುದೋ ಹಳ್ಳಿಯ ಸರ್ಕಾರಿ ಶಾಲೆಯ ಕೊಠಡಿ, ಮೂಲೆಯಲ್ಲಿ ರಾಶಿ ಹಾಕಿದ ಬ್ಯಾಗು, ಬೆಳಿಗ್ಗೆ ತಣ್ಣೀರು, ಉಪ್ಪಿಟ್ಟು, ಆಮೇಲೆ ಶ್ರಮದಾನ. ಮಧ್ಯಾಹ್ನ ಮನೆಮನೆ ಸಮೀಕ್ಷೆ. ಫಾರಂ ಹಿಡಿದು ಹೋದ ಹುಡುಗಿ ‘ಮನೆಯಲ್ಲಿ ಶೌಚಾಲಯ ಇದೆಯಾ ಅಜ್ಜಿ?’ ಅನ್ನುತ್ತಾಳೆ. ‘ಐತಲ್ಲವ್ವ’ ಎಂದು ಅಜ್ಜಿ ಹಿತ್ತಿಲ ಕಡೆ ಕೈ ತೋರಿಸುತ್ತಾರೆ. ಇವಳು ಟಿಕ್ ಹಾಕಿ ಹೊರಡಬಹುದು. ಹೋಗಿ ನೋಡಿದರೆ ಒಳಗೆ ಸೌದೆ ಒಟ್ಟಿದೆ. ಯಾಕೆಂದು ಕೇಳಿದರೆ ನೀರಿನ ಕಥೆ ಬರುತ್ತದೆ, ನೀರಿನ ಕಥೆಯಿಂದ ಬೋರ್‌ವೆಲ್ಲಿನ ಕಥೆ, ಅಲ್ಲಿಂದ ಪಂಚಾಯಿತಿಯ ಕಥೆ. ಸಮಾಜಶಾಸ್ತ್ರದ ಪುಸ್ತಕದಲ್ಲಿ ಅರ್ಧ ಪುಟವಾಗಿದ್ದದ್ದು ಹಿತ್ತಿಲಲ್ಲಿ ಮುಕ್ಕಾಲು ಗಂಟೆಯಾಗುತ್ತದೆ. ಸಂಜೆ ದೇವಸ್ಥಾನದ ಕಟ್ಟೆಯ ಮುಂದೆ ಹಾಡು, ಕಿರುನಾಟಕ. ರಾತ್ರಿ ಅಡುಗೆಯ ಸರದಿ. ಐವತ್ತು ಜನಕ್ಕೆ ಅನ್ನ ಬಸಿಯುವುದು ಎಂಥ ಕೆಲಸ ಎಂದು ಮನೆಯಲ್ಲಿ ತಟ್ಟೆ ತೊಳೆಯದ ಗಂಡುಹುಡುಗರಿಗೆ ಗೊತ್ತಾಗುವುದೂ ಅಲ್ಲೇ.

ನಿಮ್ಮ ಕಾಲೇಜಿನ ಘಟಕ ಯಾವ ಜಾತಿಯದು ಎಂದು ತಿಳಿಯಬೇಕೇ? ಕಾರ್ಯಕ್ರಮಾಧಿಕಾರಿಯನ್ನು ವಿನಯವಾಗಿ ಎರಡು ಪ್ರಶ್ನೆ ಕೇಳಿ: ದತ್ತು ತೆಗೆದುಕೊಂಡ ಹಳ್ಳಿ ಯಾವುದು ಸರ್, ಶಿಬಿರ ಮುಗಿದ ಮೇಲೆ ಅಲ್ಲಿಗೆ ಮತ್ತೆ ಹೋಗಿದ್ದು ಯಾವಾಗ? ಉತ್ತರ ತಡವರಿಸಿದರೆ ನಿಮಗೆ ಮಾಡಲು ಕೆಲಸ ಇದೆ ಎಂದರ್ಥ, ಓಡಿಹೋಗಲು ಕಾರಣ ಅಲ್ಲ.

ಯೂತ್ ರೆಡ್ ಕ್ರಾಸ್ ಬಗ್ಗೆಯೂ ಇಂಥದೇ ಒಂದು ಮಾತು: ರಕ್ತ ಕೊಡದವರಿಗೆ ಅಲ್ಲಿ ಕೆಲಸವಿಲ್ಲವಂತೆ. ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಬೆರಳು ಚುಚ್ಚಿಸಿಕೊಂಡು ವಾಪಸ್ ಬರುವವರು, ಅದರಲ್ಲೂ ಹುಡುಗಿಯರು, ಪ್ರತಿ ಶಿಬಿರದಲ್ಲೂ ಇರುತ್ತಾರೆ. ಅವರು ಹಿಮೋಗ್ಲೋಬಿನ್ ಎಷ್ಟೆಂದು ಬರೆದುಕೊಂಡು ಡಾಕ್ಟರ ಹತ್ತಿರ ಹೋಗಬೇಕು. ಶಿಬಿರದಲ್ಲಿ ನೋಂದಣಿ, ಜ್ಯೂಸು, ತಲೆಸುತ್ತಿ ಕೂತವರ ಪಕ್ಕ ಕೂರುವುದು, ಇಷ್ಟಕ್ಕೆ ಹಿಮೋಗ್ಲೋಬಿನ್ ಯಾರೂ ನೋಡುವುದಿಲ್ಲ.

ತಪ್ಪು ಕಲ್ಪನೆ: ಎನ್‌ಸಿಸಿ ಸೈನ್ಯಕ್ಕೆ ಸೇರುವವರಿಗೆ.

ಸೇರಬೇಕೆಂಬ ಕಟ್ಟುಪಾಡು ಇಲ್ಲ. ಸೇರುವ ಆಸೆ ಇದ್ದರೆ ಮಾತ್ರ ಇದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ: ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ‘ಬಿ’ ಗ್ರೇಡ್, ಡಿಗ್ರಿಯಲ್ಲಿ ಶೇ. 50 ಅಂಕ ಇದ್ದರೆ ಎನ್‌ಸಿಸಿ ವಿಶೇಷ ಪ್ರವೇಶದ ಮೂಲಕ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ ಸಂದರ್ಶನದ ಪಟ್ಟಿಗೆ ಅರ್ಜಿ ಹಾಕಬಹುದು. ಆಸೆ ಇಲ್ಲದವರಿಗೆ ಸಿಗುವುದು ಪರೇಡು, ಕ್ಯಾಂಪು, ಬೇರೆ ಬೇರೆ ಊರಿನ ಗೆಳೆತನ, ಮತ್ತೆ ಪರೇಡ್ ಮುಗಿದ ಮೇಲಿನ ತಿಂಡಿ. ಆ ತಿಂಡಿಗಾಗಿಯೇ ಸೇರಿ ಕೊನೆಗೆ ಅಂಡರ್ ಆಫೀಸರ್ ಆದವರೂ ಇದ್ದಾರೆ, ತಮಾಷೆಯಲ್ಲ.

ತಪ್ಪು ಕಲ್ಪನೆ: ಇಂಗ್ಲಿಷ್ ಬಾರದವರು ಹಿಂದೆಯೇ ಇರಬೇಕು.

ನಗರದ ಕಾಲೇಜುಗಳ ಫೆಸ್ಟ್ ಪೋಸ್ಟರು ನೋಡಿದರೆ ಹೀಗನ್ನಿಸುವುದು ಸಹಜ. ಹೆಸರು ಇಂಗ್ಲಿಷ್, ನಿರೂಪಣೆ ಇಂಗ್ಲಿಷ್, ಟೀಶರ್ಟಿನ ಮೇಲಿನ ಬರಹ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರು ಕೊನೆಯ ಸಾಲಿನಲ್ಲಿ ಸಿಳ್ಳೆ ಹೊಡೆಯುವ ಕೆಲಸಕ್ಕೆ ಉಳಿಯುತ್ತಾರೆ.

ಆದರೆ ಕನ್ನಡದ ಅತ್ಯಂತ ಗಂಭೀರ ಪತ್ರಿಕೆಗಳಲ್ಲೊಂದಾದ ‘ಪ್ರಬುದ್ಧ ಕರ್ನಾಟಕ’ ಹುಟ್ಟಿದ್ದೇ ಒಂದು ಕಾಲೇಜು ಸಂಘದಿಂದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಅದನ್ನು ಶುರುಮಾಡಿತು. ಮುಂದೆ ಮೈಸೂರು ವಿಶ್ವವಿದ್ಯಾಲಯ ವಹಿಸಿಕೊಂಡಿತು. ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಕಾಲ ಅದು, ಸೆಂಟ್ರಲ್ ಕಾಲೇಜಿನಲ್ಲಂತೂ ಕೇಳುವುದೇ ಬೇಡ. ಅದಕ್ಕೂ ಮೊದಲು ಬೇಂದ್ರೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ, ಸುತ್ತ ಮರಾಠಿ ಇರುವ ಊರಿನಲ್ಲಿ, ಕನ್ನಡದ ಗೆಳೆಯರನ್ನು ಸೇರಿಸಿ ‘ಶಾರದಾ ಮಂಡಳ’ ಕಟ್ಟಿದ್ದರು. ಇನ್ನೂ ಈಚೆಗೆ ಬಂದರೆ ಬೆಂಗಳೂರಿನ ಕ್ರೈಸ್ಟ್ ಕಾಲೇಜು. ಹೊರಗಿನವರು ಇಂಗ್ಲಿಷಿನ ಕೋಟೆ ಎಂದುಕೊಂಡ ಜಾಗದಲ್ಲಿ ಚಿ. ಶ್ರೀನಿವಾಸರಾಜು ಕನ್ನಡ ಸಂಘವನ್ನು ಬೆಳೆಸಿ, ಬೇಂದ್ರೆ ಹೆಸರಿನಲ್ಲಿ ಅಂತರ ಕಾಲೇಜು ಕವನ ಸ್ಪರ್ಧೆ ನಡೆಸಿ, ಬಂದ ಕವಿತೆಗಳಲ್ಲಿ ಒಳ್ಳೆಯವನ್ನು ಪುಸ್ತಕ ಮಾಡಿದರು. ಇವತ್ತು ಹೆಸರಾದ ಎಷ್ಟೋ ಕವಿಗಳ ಮೊದಲ ಕವಿತೆ ಅಚ್ಚಾದದ್ದು ಅಂಥ ತೆಳ್ಳಗಿನ ಪುಸ್ತಕಗಳಲ್ಲಿ.

ಕ್ಯಾಂಪಸ್ಸಿನೊಳಗಿನ ಸಮುದಾಯ ರೇಡಿಯೊಗಳೂ ಹಾಗೆಯೇ. ಮಂಗಳೂರಿನ ಸಂತ ಅಲೋಶಿಯಸ್‌ನ ರೇಡಿಯೊ ಸಾರಂಗ್ 107.8ರಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲೂ ಕಾರ್ಯಕ್ರಮ ಬರುತ್ತದೆ. ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್ ಇದೆ. ಮೀನು ಮಾರುವವರನ್ನು, ಬೀಡಿ ಕಟ್ಟುವವರನ್ನು ಮಾತಾಡಿಸಿ ಕಾರ್ಯಕ್ರಮ ಮಾಡಬೇಕೆಂದರೆ ಅಲ್ಲಿ ಹಿಂದೆ ಬೀಳುವವರು ಇಂಗ್ಲಿಷ್ ಮಾತ್ರ ಬಲ್ಲವರು. ಮನೆಮಾತಿನಲ್ಲಿ ಸರಾಗವಾಗಿ ಹರಟುವ ವಿದ್ಯಾರ್ಥಿಗೆ ಅಂಥ ಕಡೆ ಬೇಡಿಕೆ ಜಾಸ್ತಿ. ಇಂಗ್ಲಿಷ್ ಕಲಿಯಬೇಡಿ ಎಂದು ಹೇಳುತ್ತಿಲ್ಲ. ಕಲಿತಾದ ಮೇಲೆ ಸೇರುತ್ತೇನೆ ಎಂದು ಕಾಯಬೇಡಿ ಅನ್ನುತ್ತಿದ್ದೇನೆ.

ತಪ್ಪು ಕಲ್ಪನೆ: ಬಸ್ಸಿಗೆ ಬರುವವರಿಗೆ, ಕೆಲಸ ಮಾಡಿ ಓದುವವರಿಗೆ ಇದೆಲ್ಲ ಆಗುವುದಿಲ್ಲ.

ಇದು ಅರ್ಧ ನಿಜ, ಆ ಅರ್ಧಕ್ಕೆ ಕಾರಣ ವಿದ್ಯಾರ್ಥಿಯಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸುತ್ತಲಿನ ಇಪ್ಪತ್ತು ಮೂವತ್ತು ಕಿಲೋಮೀಟರಿನಿಂದ ಮಕ್ಕಳು ಬರುತ್ತಾರೆ. ಕೆಲವು ಊರಿಗೆ ಸಂಜೆ ಒಂದೇ ಬಸ್ಸು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಟಿಕೆಟ್ ಇಲ್ಲ ಎಂದು ನಾಲ್ಕೂವರೆಯ ಬಸ್ಸು ಐದೂವರೆಗೆ ಹೊರಡುವುದಿಲ್ಲ. ತಾಲೀಮನ್ನು ನಾಲ್ಕು ಗಂಟೆಗೆ ಇಟ್ಟುಕೊಂಡು ‘ಹಳ್ಳಿ ಹುಡುಗಿಯರು ಭಾಗವಹಿಸಲ್ಲ’ ಎಂದು ವರದಿ ಬರೆಯುವ ಸಂಚಾಲಕರು ಮೊದಲು ಬಸ್‌ಸ್ಟ್ಯಾಂಡಿಗೆ ಹೋಗಿ ವೇಳಾಪಟ್ಟಿ ಓದಿ ಬರಬೇಕು.

ವಿದ್ಯಾರ್ಥಿಯ ಕಡೆಯಿಂದ ಮಾಡಬಹುದಾದದ್ದೂ ಇದೆ. ಬೆಳಿಗ್ಗೆ ಬೇಗ ಬಂದಿಳಿದು ಗೇಟಿನ ಹತ್ತಿರ ಕಾಯುವ ಮುಕ್ಕಾಲು ಗಂಟೆ, ಊಟದ ಬಿಡುವು, ಲೆಕ್ಚರರ್ ರಜೆ ಹಾಕಿದ ಪೀರಿಯಡ್: ಇವು ಬಸ್ಸಿನ ಮಕ್ಕಳ ಸ್ವಂತ ಆಸ್ತಿ. ಲೈಬ್ರರಿಯ ಓದುಬಳಗ, ಕ್ವಿಜ್ ತಯಾರಿ, ಚೆಸ್, ಕೇರಂ, ಮ್ಯಾಗಜಿನ್ನಿನ ಬರಹ ತಿದ್ದುವ ಕೆಲಸ ಆ ಹೊತ್ತಿನಲ್ಲಿ ನಡೆಯುತ್ತವೆ. ನಾಲ್ಕು ಜನ ಒಟ್ಟಾಗಿ ‘ತಾಲೀಮು ಮಧ್ಯಾಹ್ನ ಇಡಿ ಮೇಡಂ’ ಎಂದು ಕೇಳಿದರೆ ಎಷ್ಟೋ ಕಡೆ ಇಡುತ್ತಾರೆ. ಕೇಳಿದವರು ಕಡಿಮೆ ಅಷ್ಟೆ.

ರಾತ್ರಿ ಉಳಿಯುವ ಶಿಬಿರಕ್ಕೆ ಮಗಳನ್ನು ಕಳಿಸಲು ಮನೆಯಲ್ಲಿ ಒಪ್ಪದಿದ್ದರೆ ಜಗಳಕ್ಕಿಂತ ಫೋನು ಕೆಲಸ ಮಾಡುತ್ತದೆ. ಜೊತೆಗೆ ಬರುವ ಮೇಡಂ ಕೈಯಿಂದಲೇ ಅಪ್ಪನಿಗೆ ಫೋನ್ ಮಾಡಿಸಿ. ಹುಡುಗಿಯರ ಕೋಣೆ ಎಲ್ಲಿ, ಮೇಡಂ ಎಲ್ಲಿ ಮಲಗುತ್ತಾರೆ ಎಂಬುದು ಅವರ ಬಾಯಿಂದ ಬರಲಿ. ಅಪ್ಪ ಕೇಳಬೇಕೆಂದಿರುವುದು ಅಷ್ಟೇ ಇರುತ್ತದೆ.

ಹಾಸ್ಟೆಲಿನ ಮಕ್ಕಳಿಗೆ ಬಸ್ಸಿನ ಕಾಟವಿಲ್ಲ, ಆದರೆ ಅವರು ಹಾಸ್ಟೆಲನ್ನು ಕಾಲೇಜು ಬದುಕಿಗೆ ಸೇರಿಸಿಕೊಳ್ಳುವುದೇ ಇಲ್ಲ. ಸಮಾಜ ಕಲ್ಯಾಣ ಇಲಾಖೆಯದೋ ಬಿಸಿಎಂದೋ ಹಾಸ್ಟೆಲಿನಲ್ಲಿ ಅಕ್ಕಿ ತೂಗಿಸಿಕೊಳ್ಳುವುದು, ತರಕಾರಿಯ ಗುಣ ನೋಡುವುದು, ವಾರದ ಮೆನು ಗೋಡೆಯಲ್ಲಿರುವಂತೆ ತಟ್ಟೆಗೆ ಬರುತ್ತಿದೆಯೇ ಎಂದು ಕೇಳುವುದು ಕೂಡ ಭಾಗವಹಿಸುವುದೇ. ಸಾರು ನೀರಾಗಿದೆ ಎಂದು ತಟ್ಟೆ ಬಡಿಯುವುದಕ್ಕಿಂತ ಹೆಚ್ಚು ಕಷ್ಟದ ಕೆಲಸ ಅದು.

ತಪ್ಪು ಕಲ್ಪನೆ: ಚುನಾವಣೆಯೇ ಇಲ್ಲದ ಮೇಲೆ ವಿದ್ಯಾರ್ಥಿಯ ಮಾತು ಯಾರು ಕೇಳುತ್ತಾರೆ?

ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ಬಹುಮಟ್ಟಿಗೆ ನಿಂತು ಮೂರು ದಶಕಕ್ಕೂ ಮೇಲಾಯಿತು. ಸಂಘ ಇರುವಲ್ಲಿ ಅಂಕ ನೋಡಿ ತರಗತಿ ಪ್ರತಿನಿಧಿಯನ್ನು ನೇಮಿಸುತ್ತಾರೆ. ಚುನಾವಣೆ ಮತ್ತೆ ಬೇಕೋ ಬೇಡವೋ ಎಂಬ ಚರ್ಚೆ ಆಗಾಗ ಏಳುತ್ತದೆ. ಗಲಾಟೆ, ಜಾತಿ, ಹಣ ಎಂಬ ಆತಂಕಕ್ಕೆ ಉತ್ತರವಾಗಿ ಲಿಂಗ್ಡೊ ಸಮಿತಿಯ ನಿಯಮಗಳನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಒಪ್ಪಿದೆ: ಸ್ಪರ್ಧಿಗೆ ಶೇ. 75 ಹಾಜರಾತಿ, ಯಾವ ವಿಷಯವೂ ಬಾಕಿ ಇರಕೂಡದು, ಖರ್ಚಿನ ಮಿತಿ 5000 ರೂಪಾಯಿ. ನನ್ನ ಒಲವು ಚುನಾವಣೆಯ ಕಡೆಗೇ. ಹದಿನೆಂಟಕ್ಕೆ ಶಾಸಕರನ್ನು ಆರಿಸಬಲ್ಲವರು ತಮ್ಮ ಕಾರ್ಯದರ್ಶಿಯನ್ನು ಆರಿಸಲಾರರು ಎಂಬ ವಾದ ನನಗೆ ಅರ್ಥವಾಗುವುದಿಲ್ಲ.

ಆದರೆ ಚುನಾವಣೆ ಬರುವತನಕ ಕುರ್ಚಿಗಳು ಖಾಲಿ ಎಂದುಕೊಳ್ಳಬೇಡಿ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಗೆ, ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದಾಗ, ವಿದ್ಯಾರ್ಥಿ ಸದಸ್ಯರಿರಬೇಕು, ಅವರು ಪಾರದರ್ಶಕವಾಗಿ ಚುನಾಯಿತರಾಗಿರಬೇಕು ಎನ್ನುತ್ತವೆ ಯುಜಿಸಿಯ 2015ರ ನಿಯಮಗಳು. ಕುಂದುಕೊರತೆ ಸಮಿತಿಗೆ ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ ಇರಬೇಕು ಎನ್ನುತ್ತವೆ 2023ರ ನಿಯಮಗಳು. ಆ ಹೆಸರನ್ನು ಓದು, ಕ್ರೀಡೆ ಅಥವಾ ಪಠ್ಯೇತರ ಚಟುವಟಿಕೆಯ ಸಾಧನೆ ನೋಡಿ ಸೂಚಿಸಬೇಕು. ನ್ಯಾಕ್ ಮೌಲ್ಯಮಾಪನದ ಕೆಲಸ ನೋಡುವ ಆಂತರಿಕ ಗುಣಮಟ್ಟ ಖಾತರಿ ಕೋಶದಲ್ಲೂ (ಐಕ್ಯುಎಸಿ) ವಿದ್ಯಾರ್ಥಿಗೆ ಜಾಗವಿದೆ. ರ‍್ಯಾಗಿಂಗ್ ತಡೆ ಸಮಿತಿಯಲ್ಲಿ ಹೊಸಬರ ಪ್ರತಿನಿಧಿಯೂ ಇರಬೇಕು. ಬಹಳಷ್ಟು ಕಡೆ ಈ ಹೆಸರುಗಳು ಫೈಲಿನಲ್ಲಿರುತ್ತವೆ, ಹೆಸರಿನ ಒಡೆಯರಿಗೇ ತಿಳಿದಿರುವುದಿಲ್ಲ. ಸಮಿತಿಗಳ ಪಟ್ಟಿ ವೆಬ್‌ಸೈಟಿನಲ್ಲೋ ಪ್ರಾಸ್ಪೆಕ್ಟಸ್ಸಿನ ಕೊನೆಯ ಪುಟಗಳಲ್ಲೋ ಇರುತ್ತದೆ. ಓದಿ, ನಿಮ್ಮ ಪ್ರತಿನಿಧಿ ಯಾರೆಂದು ಆಫೀಸಿನಲ್ಲಿ ಕೇಳಿ. ಕೇಳಿದ ಮರುದಿನವೇ ನಿಮ್ಮನ್ನೇ ಮಾಡಿದರೂ ಆಶ್ಚರ್ಯವಿಲ್ಲ.

ತಪ್ಪು ಕಲ್ಪನೆ: ಸರ್ಟಿಫಿಕೇಟ್ ಎಷ್ಟು ಹೆಚ್ಚೋ ಅಷ್ಟು ಲಾಭ.

ಒಂದು ದಿನದ ಕಾರ್ಯಾಗಾರ, ಅರ್ಧ ಗಂಟೆಯ ಆನ್‌ಲೈನ್ ಕ್ವಿಜ್, ಕೂತು ಬಂದ ವೆಬಿನಾರ್ ಎಲ್ಲಕ್ಕೂ ಈಗ ಬಂಗಾರದ ಅಂಚಿನ ಪತ್ರ ಸಿಗುತ್ತದೆ. ಫೈಲ್ ದಪ್ಪವಾಗುತ್ತದೆ. ಸಂದರ್ಶನದಲ್ಲಿ ‘ಇದರಲ್ಲಿ ನೀವೇನು ಮಾಡಿದಿರಿ?’ ಎಂಬ ಒಂದು ಪ್ರಶ್ನೆಗೆ ಆ ಫೈಲ್ ಬಾಯಿ ಬಿಡುವುದಿಲ್ಲ. ಎರಡು ವರ್ಷ ಒಂದೇ ಸಂಘದಲ್ಲಿದ್ದು, ಒಂದು ಕಾರ್ಯಕ್ರಮ ಮಳೆಗೆ ಹಾಳಾಗಿದ್ದನ್ನೂ ಮುಂದಿನದನ್ನು ಹೇಗೆ ಉಳಿಸಿಕೊಂಡಿರಿ ಎಂಬುದನ್ನೂ ಹೇಳಬಲ್ಲವರ ಮಾತನ್ನು ಎದುರಿನವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ. ಹತ್ತು ಕಡೆ ಬಾವಿ ತೋಡುವ ಬದಲು ಒಂದೇ ಕಡೆ ತೋಡಿ ಎಂಬ ಮಾತು ಹಳೆಯದು, ಇಲ್ಲಿ ಮಾತ್ರ ಸರಿಯಾಗಿ ಒಪ್ಪುತ್ತದೆ.

ತಪ್ಪು ಕಲ್ಪನೆ: ಮೊದಲ ವರ್ಷ ಸೇರದಿದ್ದರೆ ಆಯಿತು, ಮುಗಿಯಿತು.

ಎನ್‌ಸಿಸಿ, ಎನ್‌ಎಸ್‌ಎಸ್ ಮಟ್ಟಿಗೆ ಸರಿ, ಅವಕ್ಕೆ ವರ್ಷಗಳ ಲೆಕ್ಕ ಇದೆ. ಮೊದಲ ವರ್ಷದ ನೋಟಿಸ್ ತಪ್ಪಿಸಿಕೊಳ್ಳಬೇಡಿ. ಉಳಿದದ್ದಕ್ಕೆಲ್ಲ ಕೊನೆಯ ಸೆಮಿಸ್ಟರಿನಲ್ಲೂ ಬಾಗಿಲು ತೆರೆದೇ ಇರುತ್ತದೆ.

ತಪ್ಪು ಕಲ್ಪನೆ: ನಮ್ಮ ಕಾಲೇಜಿನಲ್ಲಿ ಏನೂ ಇಲ್ಲ.

ನಿಜವಾಗಿಯೂ ಏನೂ ಇಲ್ಲದ ಕಾಲೇಜುಗಳಿವೆ. ಎರಡು ಕಟ್ಟಡ, ಅರ್ಧದಷ್ಟು ಅತಿಥಿ ಉಪನ್ಯಾಸಕರು, ಮೈದಾನಕ್ಕೆ ಬೇಲಿ ಇಲ್ಲ. ಅಂಥ ಕಡೆ ಶುರುಮಾಡಲು ಭಿತ್ತಿಪತ್ರಿಕೆಯಷ್ಟು ಅಗ್ಗದ, ಗಟ್ಟಿಯಾದ ಕೆಲಸ ಇನ್ನೊಂದು ನನಗೆ ಗೊತ್ತಿಲ್ಲ. ಬೇಕಾಗುವುದು ನಾಲ್ಕು ಜನ, ಒಬ್ಬ ಅಧ್ಯಾಪಕರ ಬೆಂಬಲ, ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು. ಮೊದಲು ಪ್ರಾಂಶುಪಾಲರಿಗೆ ಅರ್ಜಿ ಬರೆದು ಜಾಗ ಕೇಳಿ. ಕ್ಯಾಂಟೀನು ಅಥವಾ ನೀರಿನ ಫಿಲ್ಟರಿನ ಪಕ್ಕದ ಗೋಡೆ ಸಿಕ್ಕರೆ ಅರ್ಧ ಗೆದ್ದಂತೆ, ಯಾಕೆಂದರೆ ಅಲ್ಲಿ ಎಲ್ಲರೂ ನಿಲ್ಲಲೇಬೇಕು. ಆಫೀಸಿನ ಎದುರಿನ ಜಾಗ ಕೊಟ್ಟರೆ ನಯವಾಗಿ ಬೇಡ ಅನ್ನಿ.

ಬಿಡುಗಡೆಯ ದಿನ ಗೊತ್ತುಮಾಡಿ, ತಿಂಗಳ ಮೊದಲ ಸೋಮವಾರ ಅಂತಿಟ್ಟುಕೊಳ್ಳಿ. ಆ ದಿನ ತಪ್ಪಬಾರದು. ಕವಿತೆಗಳೇ ರಾಶಿ ಬರುತ್ತವೆ, ಅದರಲ್ಲೂ ಅಮ್ಮನ ಮೇಲೆ, ಮಳೆಯ ಮೇಲೆ. ಒಂದು ಸಂಚಿಕೆಗೆ ಎರಡರ ಮೇಲೆ ಹಾಕಬೇಡಿ. ಊರಿನ ಸಂತೆಯ ದರ, ಬಸ್ಸಿನ ವೇಳಾಪಟ್ಟಿ, ಲೈಬ್ರರಿಗೆ ಬಂದ ಹೊಸ ಪುಸ್ತಕ, ಸ್ಕಾಲರ್‌ಶಿಪ್ಪಿನ ಕೊನೇ ದಿನಾಂಕ, ಕಾಲೇಜಿನ ಗೇಟ್ ಕಾಯುವ ಅಣ್ಣನ ಸಂದರ್ಶನ: ಜನ ನಿಂತು ಓದುವುದು ಇವನ್ನು. ಅಕ್ಷರ ಚೆನ್ನಾಗಿರುವವರನ್ನು ಹುಡುಕಿ ಬರೆಸಿ, ಅವರ ಹೆಸರನ್ನು ಕೆಳಗೆ ಹಾಕಿ. ಟೀಕೆ ಬರೆಯುವುದಾದರೆ ಶೌಚಾಲಯದ ನಲ್ಲಿಯ ಬಗ್ಗೆ ಬರೆಯಿರಿ, ವ್ಯಕ್ತಿಯ ಬಗ್ಗೆ ಬೇಡ; ನಲ್ಲಿ ರಿಪೇರಿಯಾದರೆ ಮುಂದಿನ ಸಂಚಿಕೆಯಲ್ಲಿ ಅದನ್ನೂ ಹಾಕಿ. ಇಳಿಸಿದ ಹಳೆಯ ಸಂಚಿಕೆಗಳನ್ನು ಸುರುಳಿ ಸುತ್ತಿ ಲೈಬ್ರರಿಯಲ್ಲಿ ಇಡಿಸಿ, ಇಲ್ಲವೇ ಪ್ರತಿಯೊಂದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಬ್ಯಾಚಿನವರಿಗೆ ಒಪ್ಪಿಸುವಾಗ ಬೇಕಾಗುತ್ತವೆ. ಅಂಟಿಸಲು ಮೈದಾ ಅಂಟು ಮಾತ್ರ ಬಳಸಬೇಡಿ. ಆಷಾಢದ ತೇವಕ್ಕೆ ಅದು ಬೂಷ್ಟು ಹಿಡಿಯುತ್ತದೆ, ಹಿಡಿಯದಿದ್ದರೆ ಜಿರಳೆ ಸಂಪಾದಕೀಯವನ್ನೇ ತಿಂದುಹಾಕುತ್ತದೆ. ಡ್ರಾಯಿಂಗ್ ಪಿನ್ನೇ ವಾಸಿ.